ಸ್ಕಾಟ್ಲೆಂಡ್ ಸರ್ಕಾರಕ್ಕೆ ಶಾಸಕರು ಪ್ರಶ್ನೆ ಹಾಕುವ ಬಗೆ

ಪ್ರಶ್ನೆ: ಗ್ಲಾಸ್ಗೋದಲ್ಲಿ ನಮ್ಮೊಂದಿಗಿರುವ ತಾಯಿಯವರು ಮಂಡಿಯ ಶಸ್ತ್ರಚಿಕಿತ್ಸೆಗಾಗಿ ವರ್ಷದಿಂದ ಕಾಯುತ್ತಿದ್ದಾರೆ. ಹೀಗೆ ಕಾದು ಬೇಸತ್ತು ಖಾಸಗಿ ಆಸ್ಪತ್ರೆಗೆ ಹೋದವರು ಎಷ್ಟು ಮಂದಿ ಎಂದು ನಮ್ಮ ಕ್ಷೇತ್ರದ ಶಾಸಕರು ನನ್ನ ಕೋರಿಕೆಯ ಮೇರೆಗೆ ಲಿಖಿತ ಪ್ರಶ್ನೆ ಹಾಕಿದರು. ಈ ಮಾಹಿತಿ ಸರ್ಕಾರದ ಬಳಿ ಒಂದೆಡೆ ಸಂಗ್ರಹವಾಗಿಲ್ಲ ಎಂಬ ಒಂದೇ ಸಾಲಿನ ಉತ್ತರ ಬಂತು. ಮುಂದೇನು ಮಾಡಬಹುದು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನಾನು ಸ್ಕಾಟ್ಲೆಂಡ್ ಸಂಸತ್ತಿರುವ ಎಡಿನ್‌ಬರೋದಲ್ಲಿ ಶಾಸಕರೊಬ್ಬರ ಕಚೇರಿಯಲ್ಲಿ ಇಂತಹ ಪ್ರಶ್ನೆಗಳನ್ನು ಸಿದ್ಧಪಡಿಸುವ ಕೆಲಸ ಮಾಡಿದ್ದೇನೆ. ತಾವು ಪಡೆದ ಉತ್ತರ ಅಲ್ಲಿ ಬಹಳ ಸಾಮಾನ್ಯ. ಅದನ್ನು ಓದಿ ಕೈಬಿಡುವುದೇ ದೊಡ್ಡ ತಪ್ಪು.

1998ರ ಸ್ಕಾಟ್ಲೆಂಡ್ ಕಾಯ್ದೆಯಂತೆ ಆರೋಗ್ಯವು ಸ್ಕಾಟ್ಲೆಂಡ್ ಸಂಸತ್ತಿಗೆ ಬಿಟ್ಟುಕೊಟ್ಟ ವಿಷಯವಾದರೂ, ಆಸ್ಪತ್ರೆಗಳನ್ನು ನಡೆಸುವವು 14 ಪ್ರಾದೇಶಿಕ ಆರೋಗ್ಯ ಮಂಡಳಿಗಳು. ಆದ್ದರಿಂದ ತಮ್ಮ ಮಂಡಳಿಗೆ 2002ರ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ನೇರವಾಗಿ ಅರ್ಜಿ ಹಾಕಿ. 20 ಕೆಲಸದ ದಿನಗಳೊಳಗೆ ಅವರು ಉತ್ತರಿಸಬೇಕು. ಜೊತೆಗೆ ಶಾಸಕರಿಂದ ಎರಡನೆಯ ಪ್ರಶ್ನೆ ಹಾಕಿಸಿ: ಈ ಲೆಕ್ಕವನ್ನು ಇಡುವಂತೆ ಮಂಡಳಿಗಳಿಗೆ ಸರ್ಕಾರ ಸೂಚಿಸಿದೆಯೇ, ಇಲ್ಲವಾದರೆ ಏಕೆ? ಇದು ಮಂತ್ರಿಯವರ ಸ್ವಂತ ನಿರ್ಧಾರದ ಬಗ್ಗೆ ಇರುವುದರಿಂದ ಮಾಹಿತಿಯಿಲ್ಲ ಎಂದು ಹೇಳಿ ಮುಗಿಸಲಾಗದು. ಚಿಕಿತ್ಸೆಗೆ ಒಪ್ಪಿದ ದಿನದಿಂದ 12 ವಾರಗಳೊಳಗೆ ಒಳರೋಗಿಗಳಿಗೆ ಚಿಕಿತ್ಸೆ ದೊರೆಯಬೇಕೆಂಬ ಖಾತರಿ 2011ರ ರೋಗಿಗಳ ಹಕ್ಕುಗಳ ಕಾಯ್ದೆಯಲ್ಲಿದೆ; ಪ್ರಶ್ನೆಯನ್ನು ಆ ಖಾತರಿಗೆ ಕಟ್ಟಿಹಾಕಿದರೆ ಜಾರಿಕೊಳ್ಳುವುದು ಇನ್ನೂ ಕಷ್ಟ.

ಗುರುವಾರ ಮಧ್ಯಾಹ್ನ 12 ಗಂಟೆಗೆ ಪ್ರಥಮ ಮಂತ್ರಿಗಳು (ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥರು) ಉತ್ತರಿಸುವ ಕಲಾಪವೇ ಟಿವಿಯಲ್ಲಿ ಹೆಚ್ಚು ಕಾಣಿಸುತ್ತದೆ. ನಮ್ಮ ವಿಧಾನಸಭೆಯ ಚುಕ್ಕೆ ಗುರುತಿನ ಪ್ರಶ್ನೆಗಳಂತೆ ಅಲ್ಲಿಯೂ ಉಪಪ್ರಶ್ನೆಗೆ ಅವಕಾಶವಿದೆ. ಆದರೂ ನನ್ನ ನಂಬಿಕೆ ಲಿಖಿತ ಪ್ರಶ್ನೆಯ ಮೇಲೆಯೇ. ಸಾಮಾನ್ಯವಾಗಿ 10 ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ, ಪ್ರಶ್ನೆಯ ಗುರುತಿನ ಸಂಖ್ಯೆಯೊಂದಿಗೆ ಎಲ್ಲರೂ ಓದುವಂತೆ ಪ್ರಕಟವಾಗುತ್ತದೆ, ಮುಂದಿನ ವರ್ಷ ಅದೇ ಪ್ರಶ್ನೆ ಹಾಕಿ ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಅಷ್ಟಕ್ಕೂ ಬಗ್ಗದಿದ್ದರೆ ಸಮಿತಿಗಳಿವೆ. ಉದಾಹರಣೆಗೆ, 2015ರಲ್ಲಿ 9 ಕೋಟಿ 70 ಲಕ್ಷ ಪೌಂಡ್‌ಗಳಿಗೆ ಗುತ್ತಿಗೆ ಕೊಟ್ಟ ಎರಡು ದೋಣಿಹಡಗುಗಳಲ್ಲಿ ಮೊದಲನೆಯದಾದ ಗ್ಲೆನ್ ಸ್ಯಾನಕ್ಸ್ ಪ್ರಯಾಣಿಕರನ್ನು ಹೊತ್ತದ್ದು 2025ರ ಜನವರಿಯಲ್ಲಿ. ಮಹಾಲೆಕ್ಕಪರಿಶೋಧಕರ 2022ರ ವರದಿಯನ್ನು ಹಿಡಿದು ಸಾರ್ವಜನಿಕ ಲೆಕ್ಕಪರಿಶೋಧನಾ ಸಮಿತಿಯು ಆ ವಿಳಂಬದ ಕುರಿತು ವಿಚಾರಣೆ ನಡೆಸಿತು. ಸದನದಲ್ಲಿ ಒಂದೆರಡು ನಿಮಿಷಗಳಲ್ಲಿ ಮುಗಿಯುವ ವಿಷಯವನ್ನು ಸಮಿತಿಯಲ್ಲಿ ಗಂಟೆಗಟ್ಟಲೆ ಕೆದಕಬಹುದು.

ಮರುಪ್ರಶ್ನೆ: ನಮ್ಮ ಶಾಸಕರು ಆಡಳಿತ ಪಕ್ಷದವರು, ಪದೇ ಪದೇ ಕೇಳಲು ಹಿಂಜರಿಯುತ್ತಾರೆ. ಆಸ್ಪತ್ರೆಯ ದಾದಿಯರ ವೀಸಾ ವಿಚಾರವನ್ನೂ ಕೇಳಿಸಬಹುದೇ?

ಉತ್ತರ: ತಮಗಿರುವುದು ಒಬ್ಬರಲ್ಲ, ಎಂಟು ಶಾಸಕರು: ಕ್ಷೇತ್ರಕ್ಕೊಬ್ಬರು, ಹಲವು ಕ್ಷೇತ್ರಗಳು ಸೇರಿದ ಪ್ರದೇಶಕ್ಕೆ ಏಳು ಮಂದಿ. ಆ ಏಳರಲ್ಲಿ ವಿರೋಧ ಪಕ್ಷದವರೊಬ್ಬರಿಗೆ ಬರೆಯಿರಿ. ಆರೋಗ್ಯ ಸಮಿತಿಯಲ್ಲಿ ಇರುವವರಾದರೆ ಮತ್ತೂ ಒಳ್ಳೆಯದು. ವಲಸೆ ನೀತಿ ಲಂಡನ್ನಿನ ಕೈಯಲ್ಲಿರುವುದರಿಂದ ವೀಸಾ ಪ್ರಶ್ನೆ ಎಡಿನ್‌ಬರೋದಲ್ಲಿ ಅಂಗೀಕಾರವಾಗದು. ಅದನ್ನು ವೆಸ್ಟ್‌ಮಿನ್‌ಸ್ಟರ್ (ಬ್ರಿಟನ್ ಸಂಸತ್ತಿನ) ಸಂಸದರಿಗೆ ಕಳುಹಿಸಿ. ದಾದಿಯರ ಖಾಲಿ ಹುದ್ದೆಗಳೆಷ್ಟು ಎಂಬುದನ್ನು ಮಾತ್ರ ಇಲ್ಲಿಯೇ ಕೇಳಿಸಬಹುದು. ತಾಯಿಯವರ ಹೆಸರನ್ನು ಪ್ರಶ್ನೆಯಲ್ಲಿ ಸೇರಿಸುವುದು ಬೇಡ. ಅವರ ಸರದಿಯ ವಿಚಾರವನ್ನು ಮಂಡಳಿಗೆ ಪ್ರತ್ಯೇಕ ಪತ್ರದಲ್ಲಿ ಬರೆಯುವಂತೆ ಶಾಸಕರನ್ನು ಕೋರಿ.