ಪ್ಲೇಆಫ್ ಬಂದಾಗ ಕ್ವಾರ್ಟರ್‌ಬ್ಯಾಕ್‌ನ ಅಳೆಯೋದು ಹೇಗೆ?

ಓಹಾಯೋದಿಂದ, ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮೈಸೂರು ಬಿಟ್ಟು ಇಲ್ಲಿಗೆ ಬಂದು ಆರು ವರ್ಷ ಆಯಿತು. ಕ್ರಿಕೆಟ್ ಬಿಟ್ಟು ಬೇರೇನೂ ನೋಡದ ನನಗೆ ಮಗ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಿಡಿಸಿದ್ದಾನೆ. ಒತ್ತಡದಲ್ಲಿ ಯಾವ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ಆಟ ನಡೆಸುವವನು) ಗಟ್ಟಿ ಅಂತ ದಿನಾ ಜಗಳ. ಅವನು ಸೂಪರ್ ಬೌಲ್, ಅಂದರೆ ಫೈನಲ್, ಗೆದ್ದವರಿಗೆ ಸಿಗುವ ಉಂಗುರ ಎಣಿಸಿ ನನ್ನ ಬಾಯಿ ಮುಚ್ಚಿಸುತ್ತಾನೆ. ಅದು ಸರಿಯಾದ ಲೆಕ್ಕಾನಾ? ನೀವೆಲ್ಲ ಹೇಗೆ ನೋಡುತ್ತೀರಿ?

ಡೆನ್ವರ್‌ನಿಂದ:
ಉಂಗುರದ ಲೆಕ್ಕ ನಂಬಬೇಡಿ ಸರ್. 2016ರ ಫೆಬ್ರವರಿಯಲ್ಲಿ ನಮ್ಮ ಬ್ರಾಂಕೋಸ್ ಸೂಪರ್ ಬೌಲ್ ಗೆದ್ದರು. ಅವತ್ತು ನಮ್ಮ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಎಸೆದದ್ದು ಬರೀ 141 ಯಾರ್ಡ್, ಒಂದೂ ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆಯ ಗೆರೆ ದಾಟಿಸಿ 6 ಪಾಯಿಂಟ್ ತರುವ ಎಸೆತ) ಇಲ್ಲ. ಗೆಲ್ಲಿಸಿದ್ದು ಡಿಫೆನ್ಸ್. ಅದೇ ಮ್ಯಾನಿಂಗ್ 2013ರ ಸೀಸನ್‌ನಲ್ಲಿ 55 ಟಚ್‌ಡೌನ್ ಪಾಸ್ ಎಸೆದು ದಾಖಲೆ ಮಾಡಿ, ಕೊನೆಗೆ ಸೂಪರ್ ಬೌಲ್‌ನಲ್ಲಿ 43-8ರಿಂದ ಸೋತಿದ್ದರು. ಉಂಗುರ ಸಿಕ್ಕಿದ್ದು ಯಾವ ವರ್ಷ ನೋಡಿ!

ಬಫಲೋ ಹತ್ತಿರದಿಂದ:
ನನ್ನ ಗಾಯಕ್ಕೆ ಉಪ್ಪು ಹಾಕಿದಿರಿ. 2022ರ ಜನವರಿ, ನಮ್ಮ ಬಿಲ್ಸ್ ಮತ್ತು ಕ್ಯಾನ್ಸಸ್ ಸಿಟಿ ಚೀಫ್ಸ್ ಪ್ಲೇಆಫ್ ಪಂದ್ಯ. ನಮ್ಮ ಜಾಶ್ ಆಲನ್ 4 ಟಚ್‌ಡೌನ್ ಪಾಸ್ ಎಸೆದರು, ಒಂದೂ ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಇಲ್ಲ. ಕೊನೆಯ 13 ಸೆಕೆಂಡ್ ಉಳಿದಾಗ ನಾವು 3 ಪಾಯಿಂಟ್ ಮುಂದೆ. ನಾನು ಎದ್ದು ಕಾಫಿ ಬೆರೆಸೋಕೆ ಹೋದೆ. ಕಾಫಿ ಲೋಟ ಹಿಡಿದು ಬರುವಷ್ಟರಲ್ಲಿ ಅವರ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಎರಡೇ ಪಾಸ್‌ನಲ್ಲಿ 44 ಯಾರ್ಡ್ ದಾಟಿಸಿದ್ದರು! ಫೀಲ್ಡ್ ಗೋಲ್ ಒದ್ದು 3 ಪಾಯಿಂಟ್, ಸಮ. ಓವರ್‌ಟೈಮ್‌ನಲ್ಲಿ ಟಾಸ್ ಅವರದ್ದು. ಮೊದಲ ಸರದಿಯಲ್ಲೇ ಟಚ್‌ಡೌನ್ ಹೊಡೆದು, ಆಗಿನ ನಿಯಮದಂತೆ ಅಲ್ಲಿಗೇ 42-36ಕ್ಕೆ ಮುಗಿಸಿದರು. ಓವರ್‌ಟೈಮ್‌ನಲ್ಲಿ ಆಲನ್ ಚೆಂಡು ಮುಟ್ಟಲೇ ಇಲ್ಲ. ನಾನ್‌ಸ್ಟ್ರೈಕರ್ ತುದಿಯಲ್ಲಿ ನಿಂತೇ ಮ್ಯಾಚ್ ಸೋತ ಹಾಗೆ, ಅಲ್ವಾ? ಆಮೇಲೆ ಪ್ಲೇಆಫ್‌ನಲ್ಲಿ ಎರಡೂ ತಂಡಕ್ಕೆ ಚೆಂಡು ಸಿಗಬೇಕು ಅಂತ ನಿಯಮವನ್ನೇ ಬದಲಾಯಿಸಿದರು. ಆದರೆ ಆಲನ್ ಲೆಕ್ಕದಲ್ಲಿ ಅದು ಇವತ್ತಿಗೂ ಒಂದು ಸೋಲು.

ಅದಕ್ಕೇ ನಾನು ಮೊದಲು ಕೇಳೋದು: ಕೊನೆಯ ಸರದಿಯಲ್ಲಿ ಚೆಂಡು ಅವನ ಕೈಗೆ ಬಂತಾ?

ಕ್ಯಾನ್ಸಸ್ ಸಿಟಿಯಿಂದ:
ಕಾಫಿ ಕಥೆಗೆ ನಕ್ಕಿದ್ದಕ್ಕೆ ಕ್ಷಮೆ ಇರಲಿ ಅಣ್ಣ. ಆದರೆ ನಮಗೂ ಪೆಟ್ಟು ಬಿದ್ದಿದೆ. 2021ರ ಸೂಪರ್ ಬೌಲ್‌ನಲ್ಲಿ ಬ್ರೇಡಿಯ ಬಕನೀರ್ಸ್ ನಮ್ಮನ್ನು 31-9ಕ್ಕೆ ಮಲಗಿಸಿದರು. ಕ್ವಾರ್ಟರ್‌ಬ್ಯಾಕ್‌ನ ಕಾಯುವ ಲೈನ್‌ನ ಎರಡೂ ತುದಿಯಲ್ಲಿ ನಿಲ್ಲುವ ನಮ್ಮ ಟ್ಯಾಕಲ್‌ಗಳು ಗಾಯವಾಗಿ ಹೊರಗಿದ್ದರು. ಮಹೋಮ್ಸ್ ಇಡೀ ರಾತ್ರಿ ಹಿಂದಕ್ಕೆ ಓಡುತ್ತಲೇ ಇದ್ದರು. ಒಂದು ಪಾಸಂತೂ ಮರೆಯೋಕೆ ಆಗಲ್ಲ. ಬೀಳುತ್ತಾ, ಮೈ ಪೂರ್ತಿ ನೆಲಕ್ಕೆ ಅಡ್ಡವಾಗಿದ್ದಾಗ ಎಸೆದ ಚೆಂಡು ನೇರ ಎಂಡ್ ಜೋನ್‌ನಲ್ಲಿದ್ದ ನಮ್ಮವನ ಹೆಲ್ಮೆಟ್‌ಗೇ ಬಡಿಯಿತು. ಅವನ ಕೈಗೆ ಸಿಗಲಿಲ್ಲ. ಅಂಕಿಅಂಶದಲ್ಲಿ ಅದು ಸುಮ್ನೆ ಒಂದು 'ಇನ್‌ಕಂಪ್ಲೀಟ್'. ನನ್ನ ಕಣ್ಣಿಗೆ ಅವತ್ತಿನ ಅತ್ಯುತ್ತಮ ಎಸೆತ.

ಪಾಸರ್ ರೇಟಿಂಗ್ (ಎಸೆತಗಳಿಗೆ ಕೊಡುವ ಅಂಕ) ನೋಡುವ ಮುಂಚೆ ಚೆಂಡು ಕೈಗೆ ಬಂದ ಮೇಲೆ ಎಷ್ಟು ಹೊತ್ತು ಸಿಕ್ಕಿತು ನೋಡಿ. ಮಗನಿಗೂ ಅದನ್ನೇ ಹೇಳಿ: ಒಂದು ಕ್ವಾರ್ಟರ್ (ಆಟದ ಕಾಲು ಭಾಗ) ಪೂರ್ತಿ ಚೆಂಡು ಬಿಟ್ಟು ಲೈನ್ ಮೇಲೆ ಕಣ್ಣಿಡಲಿ.

ಸ್ಯಾನ್ ಹೋಸೆಯಿಂದ:
ಹಳೇ ಕಾಲದವನ ಒಂದು ಮಾತು. ನಮ್ಮ ಫಾರ್ಟಿನೈನರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ನಾಲ್ಕು ಸೂಪರ್ ಬೌಲ್ ಆಡಿ ನಾಲ್ಕೂ ಗೆದ್ದವರು, 122 ಎಸೆತದಲ್ಲಿ ಒಂದೂ ಇಂಟರ್‌ಸೆಪ್ಷನ್ ಇಲ್ಲ. ಒತ್ತಡ ಅಂದರೆ ಗೊತ್ತೇ ಇಲ್ಲ ಅಂತ ಜನ ಹೇಳುತ್ತಾರೆ. ಆದರೆ 1985, 86, 87, ಸತತ ಮೂರು ಸೀಸನ್ ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ತಂಡ ಮನೆಗೆ ಹೋಗಿತ್ತು. ಮೂರನೆಯದರಲ್ಲಿ ಅವರನ್ನು ಆಟದ ಮಧ್ಯೆ ಕೂರಿಸಿ ಬದಲಿ ಕ್ವಾರ್ಟರ್‌ಬ್ಯಾಕ್ ಸ್ಟೀವ್ ಯಂಗ್‌ನ ಇಳಿಸಿದರು. ಅದಾಗಿ ಒಂದೇ ವರ್ಷಕ್ಕೆ, 1989ರ ಜನವರಿಯಲ್ಲಿ, ಸೂಪರ್ ಬೌಲ್‌ನ ಕೊನೆಯ ನಿಮಿಷಗಳಲ್ಲಿ 92 ಯಾರ್ಡ್ ನಡೆಸಿ ಗೆಲ್ಲಿಸಿದ್ದೂ ಅವರೇ. ನಾಲ್ಕೈದು ಪಂದ್ಯ ಇಟ್ಟುಕೊಂಡು ಯಾರ ಗುಂಡಿಗೆಯನ್ನೂ ಅಳೆಯಬೇಡಿ.

ಓಹಾಯೋದಿಂದ, ಮತ್ತೆ:
ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗನ ಜೊತೆ ಕೂತು ಆ 31-9 ಪಂದ್ಯದ ಒಂದು ಕ್ವಾರ್ಟರ್ ಹಾಕಿದೆ. ನೀವು ಹೇಳಿದ ಹಾಗೆ ಬರೀ ಲೈನ್ ನೋಡುತ್ತಿದ್ದೆ. ಅವನು ಎರಡು ಸಲ ತಿವಿದ, "ಅಪ್ಪಾ, ಚೆಂಡು ಆ ಕಡೆ ಹೋಯ್ತು!" ಮೂರನೇ ಸಲ ತಿವಿಯಲಿಲ್ಲ. ಅವನೂ ಟ್ಯಾಕಲ್‌ಗಳನ್ನೇ ನೋಡುತ್ತಿದ್ದ.