ಕಲಬೆರಕೆ ತುಪ್ಪ ಮಾರಿದರೆ ಅಂಗಡಿಯವನ ಮೇಲೆ ಕೇಸು ಹಾಕಬೇಕಾ?

ಶಿರಸಿ ಗೃಹಿಣಿ: ನೆಂಟರು ಬರುತ್ತಾರೆ ಅಂತ ತೊಡದೇವು ಅನ್ನುವ ತೆಳು ಸಿಹಿತಿಂಡಿ ಮಾಡಲು ಪೇಟೆಯಿಂದ ಅರ್ಧ ಕಿಲೋ ಬಿಡಿ ತುಪ್ಪ ತಂದೆ. ಗಡಿಗೆ ಬೆನ್ನಿನ ಮೇಲೆ ಹಾಳೆ ಬೆಂದು, ತುಪ್ಪ ಸವರಿ ಮಡಿಸುವಾಗಲೇ ಕಮಟು ವಾಸನೆ. ತಿಂದರೆ ಅಂಗುಳಕ್ಕೆ ಮೇಣ ಮೆತ್ತಿದ ಹಾಗೆ. ಡಾಲ್ಡಾ ಬೆರೆಸಿದ್ದಾರೆ. ಇಂಥವರನ್ನು ಜೈಲಿಗೆ ಹಾಕಬೇಕು.

ಕುಮಟಾ ಕಿರಾಣಿ: ಅಕ್ಕಾ, ನಾನೂ ಅಂಗಡಿಯವನೇ. ಹದಿನೈದು ಕಿಲೋ ಡಬ್ಬಿ ಘಟ್ಟದ ಮೇಲಿಂದ ಬರುತ್ತದೆ, ಬಿಲ್ ಇರುತ್ತದೆ. ಒಳಗೆ ಏನಿದೆ ಅಂತ ನಾನು ಹೇಗೆ ನೋಡಲಿ? ಬೆರೆಸಿದವನು ಆರಾಮಾಗಿ ಇರುತ್ತಾನೆ, ಸಿಕ್ಕಿಬೀಳುವವನು ನಾನು.

ಕೋರ್ಟ್ ಕಟ್ಟೆ: "ಬಿಲ್ ಇರುತ್ತದೆ" ಅಂದಿರಲ್ಲ, ಅಲ್ಲೇ ಇದೆ ವಿಷಯ. 1954ರ ಹಳೇ ಆಹಾರ ಕಲಬೆರಕೆ ತಡೆ ಕಾಯ್ದೆಯಲ್ಲೂ ವಾರಂಟಿ, ಅಂದರೆ ಮಾಲು ಕೊಟ್ಟವನು ಬರೆದುಕೊಟ್ಟ ಖಾತರಿ, ತೋರಿಸಿದ ಅಂಗಡಿಯವನಿಗೆ ರಕ್ಷಣೆ ಇತ್ತು. ಆದರೆ ಕೊಂಡ ಸ್ಥಿತಿಯಲ್ಲೇ ಮಾರಿರಬೇಕು. ಈಗಿನ 2006ರ ಆಹಾರ ಸುರಕ್ಷತಾ ಕಾಯ್ದೆಯ ಕಲಂ 27 ನೋಡಿ: ಯಾರು ತಯಾರಿಸಿದ್ದು ಅಂತ ಗುರುತೇ ಸಿಗದ ಮಾಲು ಮಾರಿದರೆ ಮಾರಿದವನೇ ಹೊಣೆ. ಡಬ್ಬಿ ಒಡೆದು ಪ್ಲಾಸ್ಟಿಕ್ ಕೊಟ್ಟೆಗೆ ಸುರಿದ ಮೇಲೆ ಗುರುತು ಎಲ್ಲಿ ಉಳಿಯಿತು?

ಘಟ್ಟದ ಮೇಲಿನವ: "ಹೇಗೆ ನೋಡಲಿ" ಅಂತೀರಾ? ಹರಳು ನೋಡಿ! ನಮ್ಮನೆ ತುಪ್ಪ ಮರಳು ಮರಳಾಗಿ ಕೂರುತ್ತದೆ. ಹರಳಿಲ್ಲ ಅಂದರೆ ಕಲಬೆರಕೆ. ಅಷ್ಟೇ.

ಕಾರವಾರ ಕಿನಾರೆ: ಹರಳಾ? ಏಪ್ರಿಲ್‌ನಲ್ಲಿ ಕಾರವಾರಕ್ಕೆ ಬನ್ನಿ. ನಮ್ಮ ಶೆಕೆಯಲ್ಲಿ ತುಪ್ಪ ನೀರಾಗಿಯೇ ಇರುತ್ತದೆ. ಹಾಗಾದರೆ ಇಡೀ ಕರಾವಳಿ ಕಲಬೆರಕೆ ತಿನ್ನುತ್ತಿದೆಯಾ?

ಘಟ್ಟದ ಮೇಲಿನವ: ಫ್ರಿಜ್ಜಿನಲ್ಲಿಟ್ಟು ನೋಡಿ.

ಕಾರವಾರ ಕಿನಾರೆ: ಫ್ರಿಜ್ಜಿನಲ್ಲಿಟ್ಟರೆ ಡಾಲ್ಡಾನೂ ಗಟ್ಟಿಯಾಗುತ್ತದೆ. ಅದಕ್ಕೂ ಹರಳು ಬರೋ ಹಾಗೆ ಕಾರ್ಖಾನೆಯಲ್ಲೇ ಮಾಡುತ್ತಾರೆ, ತುಪ್ಪದ ಹಾಗೆ ಕಾಣಲಿ ಅಂತ.

ಘಟ್ಟದ ಮೇಲಿನವ: ಮೂವತ್ತು ವರ್ಷ ಎಮ್ಮೆ ಸಾಕಿದ್ದೇವೆ. ಕಡೆಗೋಲು ಹಿಡಿಯದವರು ನಮಗೆ ತುಪ್ಪ ಕಲಿಸುವುದು ಬೇಡ.

ಲ್ಯಾಬ್ ಕೆಲಸ: ಇಬ್ಬರೂ ಬಿಡಿ. ಕಣ್ಣಿಂದ ಹೇಳಲು ಆಗುವುದಿಲ್ಲ. ನಮ್ಮಲ್ಲಿ ವನಸ್ಪತಿಗೆ, ಅಂದರೆ ಡಾಲ್ಡಾಕ್ಕೆ, ಎಳ್ಳೆಣ್ಣೆ ಸೇರಿಸಲೇಬೇಕು ಅಂತ ನಿಯಮ ಮಾಡಿದ್ದು ಯಾಕೆ? ತುಪ್ಪಕ್ಕೆ ಬೆರೆಸಿದರೆ ಸಿಕ್ಕಿಬೀಳಲಿ ಅಂತ. ಕರಗಿಸಿದ ತುಪ್ಪಕ್ಕೆ ಹೈಡ್ರೋಕ್ಲೋರಿಕ್ ಆಮ್ಲ, ಫರ್ಫ್ಯುರಾಲ್ ಅನ್ನುವ ರಾಸಾಯನಿಕ ಹಾಕಿ ಕುಲುಕಿದಾಗ, ಎಳ್ಳೆಣ್ಣೆ ಇದ್ದರೆ ಕೆಳಗಿನ ಪದರ ಕೆಂಪಾಗುತ್ತದೆ. ಎಳ್ಳೆಣ್ಣೆ ಇಲ್ಲದ ಪಾಮ್ ಎಣ್ಣೆ ಬೆರೆಸಿದ್ದರೆ ಇದೂ ಸಾಲದು, ಬೇರೆ ಪರೀಕ್ಷೆ ಬೇಕು.

ಘಟ್ಟದ ಮೇಲಿನವ: ನೋಡಿದಿರಾ, "ಇದೂ ಸಾಲದು" ಅಂತ ಅವರೇ ಹೇಳಿದರು. ಹರಳೇ ಸರಿ.

ಕಾರವಾರ ಕಿನಾರೆ: ಅವರು ಹೇಳಿದ್ದು ಅದಲ್ಲ! ಕನ್ನಡ ಓದಲು ಬರುತ್ತದಾ ಇಲ್ಲವಾ ನಿಮಗೆ?

ಕುಮಟಾ ಕಿರಾಣಿ: ಲ್ಯಾಬಿನವರಿಗೇ ಎರಡು ಮೂರು ಪರೀಕ್ಷೆ ಬೇಕಂತೆ. ಮತ್ತೆ ನಾನು ತಕ್ಕಡಿ ಹಿಡಿದುಕೊಂಡು ಹೇಗೆ ಕಂಡುಹಿಡಿಯಲಿ? ಕೇಸಾದರೆ ಅಂಗಡಿ ಬಾಗಿಲು ಹಾಕಿ ಜಿಲ್ಲಾ ಕೇಂದ್ರ ಕಾರವಾರಕ್ಕೆ ಓಡಾಡಬೇಕು. ಶಿರಸಿಯವರಿಗಾದರೆ ನೂರು ಕಿಲೋಮೀಟರಿಗೂ ಜಾಸ್ತಿ. ದಂಡಕ್ಕಿಂತ ಆ ಓಡಾಟವೇ ಮನುಷ್ಯನನ್ನು ಮುಗಿಸುತ್ತದೆ.

ಕೋರ್ಟ್ ಕಟ್ಟೆ: ದಂಡವನ್ನು ಹಗುರ ಮಾಡಬೇಡಿ. ಕಳಪೆ ಆಹಾರಕ್ಕೆ 5 ಲಕ್ಷದವರೆಗೆ ಇದೆ. ಅದನ್ನು ಅಪರ ಜಿಲ್ಲಾಧಿಕಾರಿ ಹಂತದಲ್ಲೇ ತೀರ್ಮಾನಿಸುತ್ತಾರೆ. ಜೈಲು ಇರುವುದು ತಿಂದರೆ ಅಪಾಯ ಆಗುವ ಆಹಾರಕ್ಕೆ. ಜೀವ ಹೋದರೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು.

ಶಿರಸಿ ಗೃಹಿಣಿ: ಅಂದರೆ ಯಾರಾದರೂ ಸಾಯುವವರೆಗೆ ಕಾಯಬೇಕಾ? ಅತ್ತೆಗೆ ಹೃದಯದ ತೊಂದರೆ ಇದೆ. ಡಾಲ್ಡಾ ಮುಟ್ಟಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ತುಪ್ಪ ಅಂತ ನಂಬಿ ನಾನೇ ಕೈಯಾರೆ ಬಡಿಸಿದೆ.

ಕೋರ್ಟ್ ಕಟ್ಟೆ: ಕಾಯಬೇಕು ಅಂತ ನಾನು ಹೇಳಲಿಲ್ಲ. ಕಲಂ 40ರಲ್ಲಿ ಗ್ರಾಹಕರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ತಪ್ಪು ಸಾಬೀತಾದರೆ ಶುಲ್ಕ ವಾಪಸ್. ಆದರೆ ಪರೀಕ್ಷೆಗೆ ಕಳಿಸುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವನಿಗೆ ಹೇಳಿರಬೇಕು. ಹೇಳಿದ್ದಿರಾ?

ಶಿರಸಿ ಗೃಹಿಣಿ: ತುಪ್ಪ ತರಲು ಹೋದವಳು ಅದನ್ನೆಲ್ಲ ಹೇಳುತ್ತೇನಾ?

ಕುಮಟಾ ಕಿರಾಣಿ: ಹಾಗಾದರೆ ನಿಮ್ಮ ಹತ್ತಿರ ಪುರಾವೆ ಇಲ್ಲ. ಸುಮ್ನೆ ಜೈಲು ಜೈಲು ಅನ್ನಬೇಡಿ.

ಶಿರಸಿ ಗೃಹಿಣಿ: ನಾಳೆ ಅದೇ ಅಂಗಡಿಗೆ ಹೋಗುತ್ತೇನೆ. ಪರೀಕ್ಷೆಗೆ ಅಂತ ಹೇಳಿಯೇ ಕಾಲು ಕಿಲೋ ಕೇಳುತ್ತೇನೆ. ಕೊಡುತ್ತಾನಾ ನೋಡೋಣ.

ಘಟ್ಟದ ಮೇಲಿನವ: ತಂದ ಮೇಲೆ ಒಂದು ರಾತ್ರಿ ಹೊರಗೆ ಇಡಿ. ಹರಳು ಬಂತಾ ಇಲ್ಲವಾ ಇಲ್ಲೇ ಬರೆಯಿರಿ.