ಬೀಚಿ ಹೆಡ್ ಗುಡ್ಡ ಅಷ್ಟು ಬಿಳಿ ಯಾಕೆ, ಮರ ಯಾಕಿಲ್ಲ?

ಮಾದಾಪುರದ ತೋಟದವಳು:
ಮಗಳು ಇಂಗ್ಲೆಂಡಿನ ಬ್ರೈಟನ್ನಲ್ಲಿ ಓದ್ತಿದ್ದಾಳೆ, ಆಗಸ್ಟಲ್ಲಿ ನಾನೂ ನಮ್ಮನೆಯವ್ರೂ ಹೋಗಿದ್ವಿ, ಬಸ್ಸಲ್ಲಿ ಬೀಚಿ ಹೆಡ್ ಅನ್ನೋ ಗುಡ್ಡಕ್ಕೆ ಕರ್ಕೊಂಡು ಹೋದ್ಲು. ಮೇಲೆ ನಿಂತ್ರೆ ಥೇಟ್ ನಮ್ಮ ಕೊಡಗಿನ ಮಾಂದಲಪಟ್ಟಿ ಬೆಟ್ಟ, ಬರೀ ಹುಲ್ಲು, ಗಾಳಿ. ಆದ್ರೆ ಸಮುದ್ರದ ಕಡೆ ಕತ್ತಿಯಲ್ಲಿ ಕಡಿದ ಹಾಗೆ ನೇರ ಕೆಳಗೆ, ಪೂರ್ತಿ ಬಿಳಿ, ನಡುವೆ ಕಪ್ಪು ಕಲ್ಲಿನ ಸಾಲು. ದಾರಿಲಿ ಬಿದ್ದ ಒಂದು ಚೂರು ಉಜ್ಜಿದ್ರೆ ಬೆರಳೆಲ್ಲ ಹಿಟ್ಟು. ಇಷ್ಟು ಬಿಳಿ ಎಲ್ಲಿಂದ ಬಂತು? ಮಳೆ ಬೀಳೋ ಊರಲ್ಲಿ ಮರ ಯಾಕಿಲ್ಲ?

ಕಲ್ಲುಮಣ್ಣು, ವಿರಾಜಪೇಟೆ:
ಅಕ್ಕ, ಅದು ಅಪ್ಪಟ ಸೀಮೆಸುಣ್ಣ. ಡೈನೋಸಾರ್ ಕಾಲದಲ್ಲಿ ಅಲ್ಲೆಲ್ಲ ಸಮುದ್ರ, ಕಣ್ಣಿಗೆ ಕಾಣದ ಪಾಚಿಗಳ ಮೈಮೇಲಿದ್ದ ಸುಣ್ಣದ ಚಕ್ಕೆ ತಳಕ್ಕೆ ಉದುರಿ ಉದುರಿ ಗಟ್ಟಿಯಾಗಿದ್ದು. ಈಗ 162 ಮೀಟರ್, ಬ್ರಿಟನ್ನಲ್ಲಿ ಕಡಲ ಪಕ್ಕದ ಸೀಮೆಸುಣ್ಣದ ಗೋಡೆಗಳಲ್ಲಿ ಇದೇ ಎಲ್ಲಕ್ಕಿಂತ ಎತ್ತರ. ಕಪ್ಪು ಸಾಲು ಚಕಮಕಿ ಕಲ್ಲು, ಶಿಲಾಯುಗದವರು ಕೊಡಲಿ ಮಾಡ್ತಿದ್ದಿದ್ದು ಇದರಲ್ಲೇ. ಬುಡವನ್ನ ಅಲೆ ಕೊರೀತಾನೇ ಇರುತ್ತೆ, ಮೇಲಿಂದು ಕಳಚಿ ಬೀಳುತ್ತೆ. ಅದಕ್ಕೇ ಬೆಲ್ ಟೂಟ್ ಅನ್ನೋ ಹಳೇ ಲೈಟ್‌ಹೌಸನ್ನ 1999ರಲ್ಲಿ ಇಡೀ ಕಟ್ಟಡ ಎತ್ತಿ 17 ಮೀಟರ್ ಹಿಂದಕ್ಕೆ ಜಾರಿಸಿದ್ರು!

ಚಿಟ್ಟೆ ಹುಚ್ಚು, ಸೋಮವಾರಪೇಟೆ:
ಮರದ ವಿಷ್ಯ ನಾನು ಹೇಳ್ತೀನಿ. ಅಲ್ಲೂ ಕಾಡಿತ್ತು, ಸಾವಿರಾರು ವರ್ಷದ ಹಿಂದೆ ಬೇಸಾಯಕ್ಕೆ ಬಂದ ಜನ ಕಡಿದ್ರು, ಆಮೇಲೆ ಕುರಿ ಮೇಯ್ತಾ ಮೇಯ್ತಾ ಸಸಿ ತಲೆ ಎತ್ತೋಕೇ ಬಿಡಲಿಲ್ಲ. ನಮ್ಮಲ್ಲಿ ಬೆಟ್ಟದ ಮಡಿಲಲ್ಲಿ ಶೋಲಾ ಅನ್ನೋ ಗಿಡ್ಡ ಮರಗಳ ಕಾಡು ಉಳಿದು ಮೇಲೆ ಹುಲ್ಲಿರುತ್ತಲ್ಲ, ಆ ಥರ ಅಲ್ಲ ಅದು, ಮೇಯಿಸೋದು ನಿಲ್ಸಿದ್ರೆ ಪೊದೆ ನುಗ್ಗುತ್ತೆ. 1950ರ ದಶಕದಲ್ಲಿ ರೋಗ ಬಂದು ಮೊಲ ಸತ್ತಾಗ ಆ ಕಡೆ ಗುಡ್ಡಗಳಲ್ಲಿ ಹಾಗೇ ಆಯ್ತು. ಹುಲ್ಲು ಗಿಡ್ಡ ಇದ್ರೇನೇ ನೆಲಕ್ಕಂಟಿದ ಹಳದಿ ಹೂವಿನ ಒಂದು ಬಳ್ಳಿ ಬದುಕೋದು, ಚಾಕ್‌ಹಿಲ್ ಬ್ಲೂ ಚಿಟ್ಟೆಯ ಹುಳು ತಿನ್ನೋದು ಅದೊಂದನ್ನೇ. ಆ ಹುಳು ಸಿಹಿ ರಸ ಕೊಡುತ್ತೆ, ಇರುವೆ ಅದನ್ನ ಕಾಯುತ್ತೆ. ಆಗಸ್ಟಲ್ಲಿ ಹೋಗಿದ್ರೆ ನೋಡಿರ್ಬೇಕಲ್ಲ ಅಕ್ಕ?

ಮಾದಾಪುರದ ತೋಟದವಳು:
ಅಯ್ಯೋ ಹೌದು! ಬೂದಿ ಬೆರೆತ ತಿಳಿನೀಲಿ, ರೆಕ್ಕೆ ಅಂಚಿಗೆ ಕಪ್ಪು. ಮಗಳ ಶೂ ಲೇಸ್ ಮೇಲೆ ಕೂತು ಎಷ್ಟೊತ್ತಾದ್ರೂ ಏಳ್ಲಿಲ್ಲ, ಫೋಟೋ ಇದೆ, ಹಾಕ್ತೀನಿ. ಹುಡುಗ್ರು ತುದೀಲಿ ಕಾಲು ಇಳಿಬಿಟ್ಟು ಸೆಲ್ಫಿ ತೆಗೀತಿದ್ರು, ನನಗೆ ನೋಡೋಕಾಗ್ಲಿಲ್ಲ. 2018ರಲ್ಲಿ ನಮ್ಮ ಕಡೆ ಗುಡ್ಡ ಜಾರಿದ್ದು ಕಣ್ಣಾರೆ ಕಂಡವಳು ನಾನು, ಮಗಳ ಕೈ ಹಿಡ್ಕೊಂಡು ಹಿಂದೆನೇ ನಿಂತೆ.